ನಮ್ಮ ಓಮ್ನಿಯೊಳಗೊಂದು ಟೂರಿಂಗ್ ಟಾಕೀಸು!

ಶೂಟಿಂಗ್ ನೋಡಲು ಹೋದವರಿಗೆಲ್ಲಾ ಕ್ಯಾರವಾನ್ ಗೊತ್ತು. ಬಸ್ಸಿನಂಥ ವಾಹನ. ಒಳಗೆ ದೊಡ್ಡ ಕನ್ನಡಿ, ಎ.ಸಿ., ಮೈ ಚಾಚೋಕೆ ಸೋಫಾ, ಗೋಡೆಯ ಮೇಲೆ ಟಿ.ವಿ.! ಶಾಟ್ ಮುಗಿಸಿ ಒಳಗೆ ಹೋದ ನಾಯಕಿ ಮತ್ತೆ ಕರೆಯುವ ತನಕ ಹೊರಗೆ ಮುಖ ತೋರಿಸೋದಿಲ್ಲ. ಸಂದರ್ಶನಕ್ಕಾಗಿ ಬಿಸಿಲಲ್ಲಿ ನಿಂತ ಈ ಬಡ ಪತ್ರಕರ್ತನ ಕಿವಿಗೆ ಬೀಳುವುದು ಜನರೇಟರಿನ ಗುಡುಗುಡು ಮಾತ್ರ. ಆ ಗುಡುಗುಡು ನಿಂತರೆ ಒಳಗೆ ಎ.ಸಿ.ಯೂ ಇಲ್ಲ, ಟಿ.ವಿ.ಯೂ ಇಲ್ಲ. ಇಷ್ಟು ಸಣ್ಣ ಮಾತು ಆಗಲೇ ನನ್ನ ತಲೆಗೆ ಹೋಗಿದ್ದರೆ, ಅರಸೀಕೆರೆ ರಸ್ತೆಯಲ್ಲಿ ರಾತ್ರಿ ಮೂರು ಗಂಟೆಗೆ ನಾನು ಕೈ ಕೈ ಹಿಸುಕಿಕೊಂಡು ನಿಲ್ಲಬೇಕಾಗಿರಲಿಲ್ಲ.

ಏನಾಯ್ತು ಅಂತೀರಾ? ಕೇಳಿ.

ಡೇರೆಯ ಆಪರೇಟರ್

ನಮ್ಮಮ್ಮನ ದೊಡ್ಡಣ್ಣ, ಅಂದರೆ ನಮ್ಮ ಸೋದರಮಾವ, ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರು. 1971ರಲ್ಲಿ ರೀಲು ಸುತ್ತುವ ಹುಡುಗನಾಗಿ ಸೇರಿ, ಪ್ರೊಜೆಕ್ಟರ್ ಕೈಗೆ ಬಂದು, 1989ರಲ್ಲಿ ಡೇರೆ ಕಿತ್ತ ದಿನದವರೆಗೂ ಅಲ್ಲೇ. ತಿಪಟೂರು, ಅರಸೀಕೆರೆ, ಕಡೂರು, ಬೀರೂರು ಸುತ್ತಿನ ಹಳ್ಳಿಗಳಲ್ಲಿ ಅವರು ಕ್ಯಾಂಪ್ ಮಾಡದ ಬಯಲಿಲ್ಲ. ಸಂಜೆ ಮೈಕಿನಲ್ಲಿ ಘಂಟಸಾಲರ ವೆಂಕಟೇಶನ ಹಾಡು ಹಾಕಿದರೆ ನಾಲ್ಕು ಹಳ್ಳಿ ಜನ ಚಾಪೆ ಹಿಡಿದು ಹೊರಡುತ್ತಿದ್ದರಂತೆ. ಇದ್ದದ್ದು ಒಂದೇ ಪ್ರೊಜೆಕ್ಟರ್. ರೀಲು ಮುಗಿದಾಗಲೆಲ್ಲಾ ದೀಪ ಹಾಕಬೇಕು. ಹಾಗಾಗಿ ಊರಿನ ಟಾಕೀಸಿಗೆ ಒಂದೇ ಇಂಟರ್‌ವಲ್ ಆದರೆ ಡೇರೆಗೆ ಮೂರು-ನಾಲ್ಕು!

ಈಗ ಮಾವನಿಗೆ ಎಪ್ಪತ್ತು. ಎದೆ ಕೆಟ್ಟಿದೆ. ದಿನಕ್ಕೆ ಮೂರು ಸಲ ನೆಬ್ಯುಲೈಜರ್ ಹಾಕಿಕೊಳ್ಳಬೇಕು. "ಬೀಡಿ ಸೇದಿದ್ದು ನಾನೇ, ಕಾರ್ಬನ್ ಹೊಗೆ ಕುಡಿದಿದ್ದೂ ನಾನೇ. ಯಾರ ಮೇಲೆ ಕೇಸು ಹಾಕ್ಲೋ?" ಅಂತ ನಗ್ತಾರೆ. ನಕ್ಕರೆ ಕೆಮ್ಮು ಬರುತ್ತೆ.

ಅವರಿಗೊಂದು ಆಸೆ. ಡೇರೆ ಹಾಕಿದ್ದ ಬಯಲುಗಳನ್ನೆಲ್ಲಾ ಇನ್ನೊಂದು ಸಲ ನೋಡಿಬರಬೇಕು, ಅಲ್ಲೇ ಒಂದೊಂದು ರಾತ್ರಿ ತಂಗಬೇಕು, ತಂಗಿದ ಕಡೆ ಸಿನಿಮಾ ನೋಡಬೇಕು. ಡಾಕ್ಟರನ್ನು ಕೇಳಿದ್ದಾಯ್ತು. "ಹೋಗಿ, ಆದರೆ ಮಿಷನ್ ತಪ್ಪಿಸಬೇಡಿ" ಅಂದರು.

ಗೆಳೆಯನ ಹತ್ತಿರ ಹಳೇ ಮಾರುತಿ ಓಮ್ನಿ ಇತ್ತು. 2019ರಲ್ಲಿ ಕಂಪನಿ ಅದರ ತಯಾರಿಕೆ ನಿಲ್ಲಿಸಿದರೂ ನಮ್ಮ ರಸ್ತೆಗಳಲ್ಲಿ ಓಮ್ನಿ ಇನ್ನೂ ಜೀವಂತ! ಹಿಂದಿನ ಸೀಟು ಮಡಚಿ ಮೇಲೆ ಹಲಗೆ, ಹಲಗೆ ಮೇಲೆ ಹಾಸಿಗೆ ಹಾಸಿದೆವು. ಮಾವನಿಗೆ ಮಂಚ ತಯಾರು. ನನಗೆ ಮುಂದಿನ ಸೀಟು.

ಆ ಮೂರು ಗಂಟೆ

ಟಿ.ವಿ. ಜೋಡಿಸುವುದು ಏನು ಮಹಾ ವಿದ್ಯೆ ಅಂದುಕೊಂಡೆ. ಮನೆಯ 32 ಇಂಚಿನ ಟಿ.ವಿ.ಯನ್ನು ಹಗ್ಗದಲ್ಲಿ ಬಿಗಿದೆ. ಅಂಗಡಿಯವನೊಬ್ಬ ಸೋವಿಯಲ್ಲಿ ಇನ್ವರ್ಟರ್ ಕೊಟ್ಟ. ಅದರ ಎರಡು ವೈರನ್ನು ವ್ಯಾನಿನ ಬ್ಯಾಟರಿಗೇ ಕಚ್ಚಿಸಿದೆ. ಟಿ.ವಿ. ಬಂತು, ಸೆಟ್ ಟಾಪ್ ಬಾಕ್ಸ್ ಬಂತು, ಫ್ಯಾನ್ ತಿರುಗಿತು. "ಭಲೇ!" ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೊದಲ ರಾತ್ರಿ ಹೆದ್ದಾರಿ ಪಕ್ಕದ ಹೋಟೆಲಿನ ಬಯಲಲ್ಲಿ ನಿಲ್ಲಿಸಿದೆವು. ಎರಡು ಸಿನಿಮಾ ಮುಗಿದವು. ಒಂದೂವರೆಗೆ ಇನ್ವರ್ಟರ್ ಕುಂಯ್ ಅಂತ ಕೂಗಿ ಸತ್ತಿತು. ಸಿನಿಮಾ ಹೇಗೂ ಮುಗಿದಿದೆಯಲ್ಲ ಅಂತ ಮಲಗಿದೆ.

ಮೂರು ಗಂಟೆಗೆ ಮಾವ ಎದ್ದು ಕೂತಿದ್ದರು. ಎರಡು ಕೈಯೂ ಮಂಡಿ ಮೇಲೆ. ಎದೆಯೊಳಗೆ ಸಿಳ್ಳೆ. "ಲೋ... ಮಿಷನ್..." ಅಂದರು, ಅಷ್ಟೇ. ಮಿಷನ್ ಹಾಕಿದರೆ ಕರೆಂಟಿಲ್ಲ. ಎಂಜಿನ್ ಚಾಲೂ ಮಾಡೋಣ ಅಂದರೆ ಕೀಲಿ ತಿರುಗಿಸಿದಾಗ ಟಕ್ ಅಂತು, ಅಷ್ಟೇ! ಟಿ.ವಿ. ಕುಡಿದು ಮುಗಿಸಿದ್ದು ಎಂಜಿನ್ ಎಬ್ಬಿಸುವ ಬ್ಯಾಟರಿಯನ್ನೇ.

ಜೇಬಿನಲ್ಲಿದ್ದ ಪಂಪಿನಿಂದ ಮಾವ ಎರಡು ಸಲ ಎಳೆದುಕೊಂಡರು. ನಾನು ಓಡಿಹೋಗಿ ಅಲ್ಲೇ ನಿಂತಿದ್ದ ಲಾರಿಯ ಡ್ರೈವರಣ್ಣನನ್ನು ಎಬ್ಬಿಸಿದೆ. ಆತ ಬೈಯಲಿಲ್ಲ. ಕೇಬಲ್ ತಂದು, "ನಂದು 24 ವೋಲ್ಟು ಕಣಣ್ಣ, ನಿಂದು 12. ಎರಡೂ ಬ್ಯಾಟರಿ ಸೇರಿಸಿ ಕೊಟ್ರೆ ನಿನ್ ಗಾಡಿ ಸುಟ್ಟೋಗುತ್ತೆ" ಅಂತ ಹೇಳಿ, ಒಂದೇ ಬ್ಯಾಟರಿಯಿಂದ ಕೊಟ್ಟ. ಓಮ್ನಿ ಎದ್ದಿತು. ಬಾಗಿಲುಗಳನ್ನೆಲ್ಲಾ ತೆರೆದಿಟ್ಟು, ಎಂಜಿನ್ ಓಡುತ್ತಿದ್ದ ಹಾಗೇ ಮಿಷನ್ ಹಾಕಿದೆವು. ಹತ್ತು ನಿಮಿಷದಲ್ಲಿ ಸಿಳ್ಳೆ ಇಳಿಯಿತು. ಆ ಅಣ್ಣ ಒಂದು ಕಾಸೂ ಮುಟ್ಟದೆ ಹೊರಟ.

ಬೆಳಗಾದ ಮೇಲೆ ಮಾವ ಹೇಳಿದ್ದು ಒಂದೇ ಮಾತು: "ಕರೆಂಟು ಅಂದ್ರೆ ಕೆರೆ ನೀರಲ್ಲ ಕಣೋ, ಬಿಂದಿಗೆ ನೀರು. ಮೊದಲು ಲೆಕ್ಕ, ಆಮೇಲೆ ಆಟ."

ಬಿಂದಿಗೆಯ ಲೆಕ್ಕ

ತಿಪಟೂರಿಗೆ ವಾಪಸ್ ಬಂದು ಕಾಗದ-ಪೆನ್ನು ಹಿಡಿದು ಕೂತೆವು. ನಾನು ಪಿ.ಯು.ಸಿ.ಗೆ ಶರಣು ಹೊಡೆದವನು. ಮಾವ ಓದಿದ್ದು ಏಳನೇ ಕ್ಲಾಸು. ಆದರೆ ಆರ್ಕ್ ದೀಪದ ಕಾರ್ಬನ್ ಕಡ್ಡಿಗೆ ಡಿ.ಸಿ. ಕರೆಂಟ್ ಕೊಟ್ಟು ಹದಿನೆಂಟು ವರ್ಷ ಆಂಪಿಯರ್ ಮುಳ್ಳನ್ನೇ ನೋಡಿಕೊಂಡಿದ್ದವರು. ಅವರಿಗೆ ಈ ಲೆಕ್ಕ ನೀರು ಕುಡಿದಷ್ಟು ಸುಲಭ.

ನಮ್ಮ ವ್ಯಾನಿನ ಬ್ಯಾಟರಿ 35 ಆಂಪಿಯರ್-ಅವರ್. 12 ವೋಲ್ಟಿನಿಂದ ಗುಣಿಸಿದರೆ 420 ವಾಟ್-ಅವರ್. ದೊಡ್ಡ ಟಿ.ವಿ., ಬಾಕ್ಸು, ಇನ್ವರ್ಟರ್ ತಾನೇ ತಿನ್ನುವ ಪಾಲು, ಎಲ್ಲಾ ಸೇರಿ ಗಂಟೆಗೆ 75. ಐದು ಗಂಟೆಗೆ 375! ಅದರ ಮೇಲೆ ಫ್ಯಾನು. ಇನ್ನೆಲ್ಲಿ ಉಳಿಯಬೇಕು?

ಹೊಸದಾಗಿ ಜೋಡಿಸಿದ್ದು ಹೀಗೆ. ಎಂಜಿನ್ ಬ್ಯಾಟರಿ ಎಂಜಿನ್ನಿಗೇ ಮೀಸಲು. ಸಂಸಾರಕ್ಕೆ ಬೇರೆ ಬ್ಯಾಟರಿ, 100 ಆಂಪಿಯರ್-ಅವರಿನ ಲಿಥಿಯಂ ಐರನ್ ಫಾಸ್ಫೇಟ್. ಸೀಸದ ಬ್ಯಾಟರಿಯಾದರೆ ಅರ್ಧ ಮಾತ್ರ ಬಳಸಬೇಕು, ತೂಕವೂ ಜಾಸ್ತಿ. ಇದರಲ್ಲಿ ನೂರಕ್ಕೆ ಎಂಬತ್ತು ಭಾಗ ಧಾರಾಳವಾಗಿ ತೆಗೆಯಬಹುದು. ಅಂದರೆ ಸುಮಾರು 1,000 ವಾಟ್-ಅವರ್ ನಮ್ಮ ಕೈಯಲ್ಲಿ. ಓಡುವಾಗ ಎಂಜಿನ್ನಿನಿಂದ ಇದು ಚಾರ್ಜ್ ಆಗಬೇಕಲ್ಲ? ನೇರವಾಗಿ ವೈರ್ ಎಳೆದರೆ ಲಿಥಿಯಂ ಬ್ಯಾಟರಿ ಒಂದೇ ಸಲಕ್ಕೆ ಎಳೆದುಕೊಂಡು ಆಲ್ಟರ್ನೇಟರನ್ನೇ ಸುಡಬಹುದು. ಅದಕ್ಕೇ ನಡುವೆ 20 ಆಂಪಿಯರಿನ ಡಿ.ಸಿ.-ಡಿ.ಸಿ. ಚಾರ್ಜರ್. ಬ್ಯಾಟರಿಯಿಂದ ಒಂದು ಗೇಣಿನೊಳಗೇ ಫ್ಯೂಸು. ಇದನ್ನು ಮರೆತವರ ಗಾಡಿ ಒಂದಲ್ಲ ಒಂದು ದಿನ ಹೊಗೆಯಾಡುತ್ತೆ!

ದೊಡ್ಡ ಟಿ.ವಿ. ಮನೆಗೆ ವಾಪಸ್ ಹೋಯಿತು. ಬದಲಿಗೆ 12 ವೋಲ್ಟಿನಲ್ಲೇ ನಡೆಯುವ 24 ಇಂಚಿನ ಟಿ.ವಿ. ಇದಕ್ಕೆ 30 ವಾಟ್ ಸಾಕು, ಇನ್ವರ್ಟರಿನ ಹಂಗಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಚಾರ್ಜ್ ಆಗುವಾಗ ಬ್ಯಾಟರಿ 14 ವೋಲ್ಟಿನ ಮೇಲೂ ಹೋಗುತ್ತೆ. ಟಿ.ವಿ. ಹಿಂದೆ ಬರೀ 12 ಅಂತ ಬರೆದಿದ್ದರೆ ನಡುವೆ ವೋಲ್ಟೇಜ್ ಹಿಡಿದಿಡುವ ರೆಗ್ಯುಲೇಟರ್ ಹಾಕಿ.

ಒಂದು ದಿನದ ಖರ್ಚು ನೋಡಿ. ಟಿ.ವಿ. ಮತ್ತು ಬಾಕ್ಸ್ ಸೇರಿ ಮೂರು ಗಂಟೆಗೆ 120. ಫ್ಯಾನ್ ಎಂಟು ಗಂಟೆಗೆ 160. ದೀಪ 25. ಫೋನುಗಳಿಗೆ 30. ನೆಬ್ಯುಲೈಜರ್ ಮೂರು ಸಲಕ್ಕೆ, ಇನ್ವರ್ಟರ್ ನಷ್ಟವೂ ಸೇರಿ 90. ಒಟ್ಟು 425. ಗಾಡಿ ಕದಲದಿದ್ದರೂ ಎರಡು ರಾತ್ರಿಗೆ ಅಭಾವವಿಲ್ಲ.

ಮಿಷನ್ನಿಗೆ ಮಾತ್ರ ಇನ್ವರ್ಟರ್ ಬೇಕೇ ಬೇಕು. ಸೋವಿ ಇನ್ವರ್ಟರಿನಲ್ಲಿ ಅದು ಗೊರಗೊರ ಅನ್ನುತ್ತಿತ್ತು. ಒಳಗಿರುವುದು ಮೋಟಾರು. ಅದಕ್ಕೆ ಶುದ್ಧ ಸೈನ್ ವೇವ್ ಕರೆಂಟೇ ಆಗಬೇಕು. ಶುರುವಾಗುವಾಗ ಎರಡು-ಮೂರು ಪಟ್ಟು ಎಳೆಯುವುದರಿಂದ 600 ವಾಟಿನದು ತಂದೆವು. ಕೆಲಸವಿಲ್ಲದಾಗ ಸ್ವಿಚ್ ಆಫ್, ಏಕೆಂದರೆ ಇನ್ವರ್ಟರ್ ಸುಮ್ಮನೆ ಕೂತರೂ ತಿನ್ನುವ ಪ್ರಾಣಿ!

ಬ್ಯಾಟರಿ ಮೇಲೆ ಶೇಕಡಾವಾರು ತೋರಿಸುವ ಮೀಟರ್ ಕೂರಿಸಿದ್ದೇವೆ. ಮಾವನ ಕಾನೂನು ಏನೆಂದರೆ, ಮೀಟರ್ 50ಕ್ಕೆ ಬಂದರೆ ಟಿ.ವಿ. ಬಂದ್. ನಾಯಕ ಕ್ಲೈಮ್ಯಾಕ್ಸ್‌ನಲ್ಲಿ ಬೆಟ್ಟದಿಂದ ನೇತಾಡುತ್ತಿದ್ದರೂ ಬಂದ್. ಉಳಿದರ್ಧ ಉಸಿರಿಗೆ.

ಗೋಡೆ, ಛತ್ರಿ, ಪೆನ್‌ಡ್ರೈವ್

ಟಿ.ವಿ. ನಿಲ್ಲಿಸಿದ್ದು ಮುಂದಿನ ಸೀಟಿನ ಹಿಂದೆ, ಮಡಚುವ ಕಬ್ಬಿಣದ ತೋಳಿನ ಮೇಲೆ. ಗಾಡಿ ಹೊರಡುವ ಮುಂಚೆ ಬಿಚ್ಚಿ, ಪರದೆ ಕೆಳಗಾಗಿ ಹಾಸಿಗೆ ಮೇಲೆ ಮಲಗಿಸಿ, ಕಂಬಳಿ ಹೊದಿಸುತ್ತೇವೆ. ನಮ್ಮ ರಸ್ತೆಯ ಗುಂಡಿಗೆ ಎಂಥ ತೋಳೂ ತಡೆಯೋದಿಲ್ಲ. ಓಡಿಸುವವನ ಕಣ್ಣಿಗೆ ಸಿನಿಮಾ ಬೀಳಲೂಬಾರದು. ಗಾಡಿಯನ್ನೇ ಕೊರೆದು, ಸೀಟು ಕಿತ್ತು ಬದಲಾಯಿಸುವ ಆಸೆ ಇದ್ದವರು ಮೊದಲು ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್.ಸಿ.ಯಲ್ಲಿ ಇರುವುದಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ.

ಕಾರ್ಯಕ್ರಮಕ್ಕೆ ಡಿ.ಡಿ. ಫ್ರೀ ಡಿಶ್. 2004ರ ಡಿಸೆಂಬರಿನಲ್ಲಿ ಬೇರೆ ಹೆಸರಲ್ಲಿ ಶುರುವಾದ ದೂರದರ್ಶನದ ಸೇವೆ. ತಿಂಗಳ ಬಾಡಿಗೆ ಇಲ್ಲ, ಚಂದನ ಬರುತ್ತೆ. ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವದಲ್ಲಿ. ಆದ್ದರಿಂದ ನಮ್ಮ ಕಡೆಯಿಂದ ಛತ್ರಿಯ ಮುಖ ಆಗ್ನೇಯಕ್ಕೆ, ಸಾಕಷ್ಟು ಮೇಲಕ್ಕೆ ಇರಬೇಕು. ವ್ಯಾನಿಗೆ ನೆರಳು ಬೇಕು, ಛತ್ರಿಗೆ ಬಯಲು ಬೇಕು. ಈ ಜಗಳಕ್ಕೆ ಮದ್ದು ಹತ್ತು ಮೀಟರ್ ಕೇಬಲ್! ವ್ಯಾನು ಮರದಡಿ, ಛತ್ರಿ ಬಯಲಲ್ಲಿ, ಮುಕ್ಕಾಲಿಯ ಮೇಲೆ ಮರಳಿನ ಚೀಲದ ಭಾರ. ಜೋರು ಮಳೆ ಬಂದರೆ ಮಾತ್ರ ಚಿತ್ರ ಹೋಗುತ್ತೆ. ಆಗ ಮಾವ "ಇಂಟರ್‌ವಲ್!" ಅಂತಾರೆ.

ನೆಟ್‌ವರ್ಕ್ ಇದ್ದ ಕಡೆ ಟಿ.ವಿ.ಗೆ ಸಿಕ್ಕಿಸುವ ಸ್ಟಿಕ್ಕಿಗೆ ಫೋನಿನ ಹಾಟ್‌ಸ್ಪಾಟ್ ಕೊಟ್ಟರೆ ಆಯಿತು. ಹಳ್ಳಿ ಬಯಲಲ್ಲಿ ಅದನ್ನು ನಂಬಿ ಕೂತರೆ ಗೋವಿಂದ! ಫೋನಿಗೆ ಮೊದಲೇ ಡೌನ್‌ಲೋಡ್ ಮಾಡಿ ವೈರಿನಲ್ಲಿ ಟಿ.ವಿ.ಗೆ ಕೊಡಬಹುದು. ಆದರೆ ಎಲ್ಲಾ ಫೋನೂ ವೈರಿನಲ್ಲಿ ಚಿತ್ರ ಕಳಿಸೋದಿಲ್ಲ, ಮನೆಯಲ್ಲೇ ಪರೀಕ್ಷೆ ಮಾಡಿ ಹೊರಡಿ. ಪೆನ್‌ಡ್ರೈವ್ ಆದರೆ ಇನ್ನೊಂದು ಪೇಚು. ಎಷ್ಟೋ ಟಿ.ವಿ.ಗಳು ಓದುವ ಫ್ಯಾಟ್ 32 ಎಂಬ ಜೋಡಣೆಯಲ್ಲಿ 4 ಜಿ.ಬಿ.ಗಿಂತ ದೊಡ್ಡ ಫೈಲು ಕೂರೋದೇ ಇಲ್ಲ.

ಬಯಲಿನಲ್ಲಿ ಮತ್ತೆ ಆಟ

ಎರಡನೇ ಸಲ ಹೊರಟು ಕಡೂರು ದಾಟಿ, ಮಾವ ತೋರಿಸಿದ ಹಳ್ಳಿಗೆ ಹೋದೆವು. ಡೇರೆ ಇದ್ದ ಬಯಲಿನಲ್ಲಿ ಅರ್ಧ ತೆಂಗಿನ ತೋಟ, ಅರ್ಧ ಸೈಟು. ಪ್ರೊಜೆಕ್ಟರ್ ಗೂಡು ಇದ್ದ ಜಾಗವನ್ನು ಮಾವ ಹೆಜ್ಜೆ ಎಣಿಸಿ ಹುಡುಕಿದರು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ತಗೊಂಡರು. ವ್ಯಾನನ್ನು ಅಲ್ಲೇ ನಿಲ್ಲಿಸಿದೆವು.

ಹಿಂದಿನ ಬಾಗಿಲು ಎತ್ತಿ, ಟಿ.ವಿ.ಯನ್ನು ಹೊರಕ್ಕೆ ತಿರುಗಿಸಿ, 1972ರ 'ಬಂಗಾರದ ಮನುಷ್ಯ' ಹಾಕಿದೆ. ಪಕ್ಕದ ಮನೆಯ ಮಕ್ಕಳು ಬಂದು ಕೂತರು. ಹಿಂದೆಯೇ ಅವರ ಅಜ್ಜಿ ಚಾಪೆ ಹಿಡಿದು ಬಂದರು. ಮಾವನನ್ನು ದಿಟ್ಟಿಸಿ ನೋಡಿ, "ನೀವು ಡೇರೆಯೋರಲ್ವಾ? ರೀಲು ತಡ ಮಾಡಿದ್ರೆ ನಾವೆಲ್ಲಾ ಶಿಳ್ಳೆ ಹೊಡೀತಿದ್ವಿ" ಅಂದರು. ಮಾವ ಮಾತಾಡಲಿಲ್ಲ. ಟವಲಿನಿಂದ ಕಣ್ಣೊರೆಸಿಕೊಂಡು, "ಕರೆಂಟ್ ನೋಡೋ" ಅಂತ ನನ್ನನ್ನು ಗದರಿದರು.

ರಾಜಕುಮಾರ್ ಅವರ ರಾಜೀವ ಮನೆ ಬಿಟ್ಟು ನಡೆದುಹೋಗುವ ಹೊತ್ತಿಗೆ ಮೀಟರ್ 71 ತೋರಿಸುತ್ತಿತ್ತು. ಅಜ್ಜಿ ಮೂಗೊರೆಸಿಕೊಂಡು ಮಕ್ಕಳನ್ನು ಎಬ್ಬಿಸಿಕೊಂಡು ಹೋದರು. ಟಿ.ವಿ. ಆಫ್ ಮಾಡಿ ಮಿಷನ್ನಿನ ಸ್ವಿಚ್ ಹಾಕಿದೆ. ಮಾವ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಬೆರಳೆತ್ತಿ ಸನ್ನೆ ಮಾಡಿದರು. ಇನ್ನೊಂದು ಆಟ ಹಾಕು ಅಂತಲ್ಲ, ನಾಳೆ ಬೀರೂರು ಅಂತ.