ಮಿನಾರನ ಸೇನಾನಷ್ಟಪಟ

ಅಂಕಿಗಳನ್ನು ರೇಖಾರೂಪದಲ್ಲಿ ನಿರೂಪಿಸುವ ಪದ್ಧತಿಯು ಯೂರೋಪಿನಲ್ಲಿ 18ನೆಯ ಶತಮಾನದ ಕಡೆಯ ಭಾಗದಲ್ಲಿ ಬೇರೂರಿತು. 1786ರಲ್ಲಿ ವಿಲಿಯಂ ಪ್ಲೇಫೇರನು ಇಂಗ್ಲೆಂಡಿನ ವಾಣಿಜ್ಯದ ಏರಿಳಿತಗಳನ್ನು ಹೀಗೆ ತೋರಿಸಿದನು. ಆದರೆ ಅಂಕಿಗಳು ಒಂದು ಕಥೆಯನ್ನೇ ಹೇಳಬಲ್ಲವೆಂಬುದಕ್ಕೆ ನಿದರ್ಶನ ಬೇಕಾದರೆ, ಶಾರ್ಲ್ ಜೋಸೆಫ್ ಮಿನಾರನು 1869ರ ನವೆಂಬರ್ 20ರಂದು ಪ್ಯಾರಿಸಿನಲ್ಲಿ ಹೊರತಂದ ಪಟವನ್ನು ನೋಡಬೇಕು. ಈತನು ಸೇತುವೆ ರಸ್ತೆಗಳ ಇಲಾಖೆಯಲ್ಲಿ ಉನ್ನತಾಧಿಕಾರಿಯಾಗಿದ್ದು ನಿವೃತ್ತನಾದವನು. ಆಗ ಈತನಿಗೆ 88 ವರ್ಷ.

ಪಟದ ವಸ್ತು, 1812ರಲ್ಲಿ ಫ್ರೆಂಚ್ ಸೇನೆಯು ರಷ್ಯದ ಮೇಲೆ ನಡೆಸಿದ ದಂಡಯಾತ್ರೆ. ಸೇನೆಯನ್ನು ಒಂದು ಪಟ್ಟೆಯಾಗಿ ಬರೆದಿದೆ. ಪಟ್ಟೆಯ ಅಗಲದ ಒಂದೊಂದು ಮಿಲಿಮೀಟರಿಗೂ 10,000 ಮಂದಿ. ಒಳಹೊಕ್ಕವರಿಗೆ ಕೆಂಪು, ಹಿಂದಿರುಗಿದವರಿಗೆ ಕಪ್ಪು. ನೀಮನ್ ನದಿಯ ಬಳಿ 422,000 ಮಂದಿಯಿಂದ ಹೊರಟ ಪಟ್ಟೆಯು ಮಾಸ್ಕೋ ಸೇರುವಾಗ 100,000ಕ್ಕೆ ಇಳಿಯುತ್ತದೆ. ಹಿಂದಿರುಗುವಾಗ ಬೆರೆಜಿನಾ ನದಿಯ ಈಚೆಗೆ 50,000, ಆಚೆಗೆ 28,000. ಕಡೆಗೆ 10,000 ಮಂದಿಯ ಕಪ್ಪುಗೆರೆಯು ನೀಮನ್ನಿನ ದಡದಲ್ಲಿ, ಮೊದಲು ಹೊರಟ ಆ ವಿಶಾಲವಾದ ಪಟ್ಟೆಯ ಮಗ್ಗುಲಿಗೇ ಬಂದು ನಿಲ್ಲುತ್ತದೆ. 42 ಮಿಲಿಮೀಟರಿನ ಪಕ್ಕದಲ್ಲಿ ಒಂದೇ ಮಿಲಿಮೀಟರು! ಶೋಕವಾಚಕವಾದ ಒಂದು ಪದವಿಲ್ಲ. ಶೀರ್ಷಿಕೆಯಲ್ಲಿ ನೆಪೋಲಿಯನ್ನನ ಹೆಸರೂ ಇಲ್ಲ. ನಮ್ಮ ಆಲಂಕಾರಿಕರು ಇದನ್ನು ಕಂಡಿದ್ದರೆ ಧ್ವನಿಯೆಂದು ಕರೆಯಲು ಹಿಂಜರಿಯುತ್ತಿರಲಿಲ್ಲವೆಂದು ತೋರುತ್ತದೆ.

ಪಟದ ಅಡಿಯಲ್ಲಿ ಹಿಮ್ಮೆಟ್ಟಿದ ದಿನಗಳ ಶೈತ್ಯವನ್ನು ತೋರುವ ರೇಖೆಯೊಂದಿದೆ. ಸೇನೆಯು ಪಶ್ಚಿಮಾಭಿಮುಖವಾಗಿ ಬಂದುದರಿಂದ ಇದನ್ನು ಬಲದಿಂದ ಎಡಕ್ಕೆ ಓದಬೇಕು. ಡಿಸೆಂಬರ್ 6ರಂದು ಅದು ರೆಯೋಮ್ಯೂರ್ ಮಾನದಲ್ಲಿ ಶೂನ್ಯಕ್ಕಿಂತ 30 ಅಂಶ, ಎಂದರೆ ಸೆಲ್ಸಿಯಸ್ ಮಾನದಲ್ಲಿ 37.5 ಅಂಶ, ಕೆಳಗಿಳಿದಿದೆ. ಈ ರೇಖೆಯನ್ನು ನೋಡಿದವರು ಸೇನೆಯನ್ನು ಕೊಂದದ್ದು ಚಳಿಯೇ ಎಂದು ನಿರ್ಣಯಿಸಿಬಿಡುವುದುಂಟು. ಈ ಅಭಿಪ್ರಾಯಕ್ಕೆ ಪಟವೇ ಬಾಧಕವಾಗಿದೆ. ದಾರಿಯಲ್ಲಿ ಕವಲೊಡೆದು ಬೇರೆಡೆಗೆ ಹೋದ 22,000 ಮತ್ತು 60,000 ಮಂದಿಯನ್ನು ಕಳೆದರೂ, ಮಾಸ್ಕೋ ಸೇರುವುದರೊಳಗೆ 240,000 ಮಂದಿ ಪಟ್ಟೆಯಿಂದ ಮಾಯವಾಗಿದ್ದಾರೆ. ಅದು ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗಿನ ಕಾಲ. ಆಗ ಇದ್ದದ್ದು ಬಿಸಿಲು, ಆಹಾರದ ಅಭಾವ, ರೋಗ, ಸೇನೆಯನ್ನು ಬಿಟ್ಟು ಓಡುವಿಕೆ, ಬೊರೊಡಿನೊ ಕದನ, ಹಿಮವಲ್ಲ. ಹೋಗುವಾಗಿನ ಹವೆಗೂ ಒಂದು ರೇಖೆಯನ್ನು ಎಳೆದಿದ್ದರೆ ಈ ಭ್ರಮೆಗೆ ಎಡೆಯಿರುತ್ತಿರಲಿಲ್ಲ. 1983ರಲ್ಲಿ ಎಡ್ವರ್ಡ್ ಟಫ್ಟಿಯವರು ತಮ್ಮ ಗ್ರಂಥದಲ್ಲಿ ಶ್ಲಾಘಿಸಿದ ಮೇಲೆ ಪಟದ ಕೀರ್ತಿ ಬಹಳವಾಗಿ ಹಬ್ಬಿತು. ಆದರೆ ಹೊಗಳಿದವರೆಲ್ಲರೂ ಕೆಂಪುಭಾಗದ ಅಂಕಿಗಳನ್ನು ಕೂಡಿ ಕಳೆದು ನೋಡಿದಂತಿಲ್ಲ.

ಮಿನಾರನು ಮಾತ್ರ ತನ್ನ ಕೃತಿಯ ಮಿತಿಯನ್ನು ಮರೆಮಾಡಿಲ್ಲ. ತ್ಯೇರ್, ಸೆಗ್ಯೂರ್ ಮೊದಲಾದವರಿಂದ ಸಂಗತಿಗಳನ್ನು ತೆಗೆದುಕೊಂಡೆನೆಂದೂ, ರಾಜಕುಮಾರ ಜೆರೋಮನ ಮತ್ತು ದಾವೂ ಸೇನಾನಿಯ ದಳಗಳು ಮಿನ್ಸ್ಕ್ ಮೊಗಿಲೆವ್‌ಗಳ ಕಡೆಗೆ ಹೋಗಿ ಮುಂದೆ ಬಂದು ಕೂಡಿಕೊಂಡವಾದರೂ, ನೋಟಕ್ಕೆ ಸುಲಭವಾಗಲೆಂದು ಅವು ಮೂಲಸೇನೆಯ ಜೊತೆಗೇ ನಡೆದಂತೆ ಭಾವಿಸಿದೆನೆಂದೂ ಪಟದ ಮೇಲೆಯೇ ಬರೆದಿದ್ದಾನೆ.