ಬೇರು ಬದಲಾದ ದ್ರಾಕ್ಷಿಯ ತೋಟ

ಲೋಕದ ಪದಾರ್ಥಗಳಲ್ಲಿ ಬಹುಪಾಲು ಹಳೆಯದಾದಷ್ಟೂ ಕೆಡತಕ್ಕವು. ಕೆಲವು ಮಾತ್ರ ಮಾಗತಕ್ಕವು. ಮಾಗುವ ಪದಾರ್ಥಗಳಲ್ಲಿ ಫ್ರಾನ್ಸ್ ದೇಶದ ಕೆಂಪು ದ್ರಾಕ್ಷಾಸವವು ಪ್ರಸಿದ್ಧವಾದುದು. ಅದನ್ನು ಸೇವಿಸಬಹುದೇ ಕೂಡದೇ ಎಂಬುದು ಈ ಹೊತ್ತಿನ ವಿಷಯವಲ್ಲ. ಶ್ರೋತೃಗಳಲ್ಲಿ ಅನೇಕರು ಅದನ್ನು ಮುಟ್ಟದವರೇ ಆಗಿರಬಹುದು. ಆದರೂ ಅದು ಹುಟ್ಟುವ ಒಂದು ತೋಟದ ವೃತ್ತಾಂತವು ಎಲ್ಲರೂ ಕೇಳತಕ್ಕದ್ದಾಗಿದೆ.

ಬರ್ಗಂಡಿ ಪ್ರಾಂತದಲ್ಲಿ ವೋನ್-ರೊಮಾನೆ ಎಂಬುದೊಂದು ಹಳ್ಳಿ. ಅದರ ಮೇಲುಗಡೆ, ಮೂಡಣಕ್ಕೆ ಇಳಿಜಾರಾದ ಗುಡ್ಡದ ಮಗ್ಗುಲಲ್ಲಿ, ರೊಮಾನೆ-ಕೊಂತಿ ಎಂಬ ತೋಟವಿದೆ. ಅದರ ವಿಸ್ತಾರ ಸುಮಾರು 4½ ಎಕರೆ ಮಾತ್ರ. ಮಧ್ಯಯುಗದಲ್ಲಿ ಈ ನೆಲವು ಸೇಂಟ್ ವಿವಾಂ ಮಠದ ಸನ್ಯಾಸಿಗಳಿಗೆ ಸೇರಿತ್ತು. 1760ರಲ್ಲಿ ಕೊಂತಿಯ ರಾಜಕುಮಾರನಾದ ಲೂಯಿ ಫ್ರಾಂಸ್ವಾ ಇದನ್ನು ಕೊಂಡನು. ಮಹಾಕ್ರಾಂತಿಯ ಕಾಲದಲ್ಲಿ ಅದು ಆ ವಂಶದ ಕೈತಪ್ಪಿ 1794ರಲ್ಲಿ ಹರಾಜಾಯಿತು. ಕೊಂತಿ ಎಂಬ ಹೆಸರು ಮಾತ್ರ ತೋಟಕ್ಕೆ ಅಂಟಿಕೊಂಡಿತು.

ಇಲ್ಲಿ ಬೆಳೆಯುವುದು ಪಿನೋ ನ್ವಾರ್ ಎಂಬ ಕಪ್ಪು ದ್ರಾಕ್ಷಿ. ಆ ಹಣ್ಣಿನ ರಸಕ್ಕೆ ಸ್ವತಃ ಬಣ್ಣವಿಲ್ಲವೆಂದರೂ ಸಲ್ಲುತ್ತದೆ. ರಸವು ಸಿಪ್ಪೆಯೊಡನೆ ಹುದುಗುವಾಗ ಸಿಪ್ಪೆಯಿಂದ ಕೆಂಪೂ ಬೀಜ ಸಿಪ್ಪೆಗಳೆರಡರಿಂದ ಒಗರೂ ಅದಕ್ಕೆ ಇಳಿಯುತ್ತವೆ. ತರುವಾಯ ಅದನ್ನು ಓಕ್ ಮರದ ಪೀಪಾಯಿಗಳಲ್ಲಿಟ್ಟು, ಆಮೇಲೆ ಸೀಸೆಗೆ ತುಂಬಿ, ಬಿರಡೆ ಒಣಗದಂತೆ ಅಡ್ಡಲಾಗಿ ಮಲಗಿಸಿ, ತಂಪಾದ ನೆಲಮಾಳಿಗೆಯಲ್ಲಿ ಇಡುತ್ತಾರೆ. ವರ್ಷಗಳು ಕಳೆದಂತೆ ಒಗರಿನ ಕಣಗಳು ಒಂದಕ್ಕೊಂದು ಕೂಡಿಕೊಂಡು, ಕಡೆಗೆ ಗಸಿಯಾಗಿ ತಳಕ್ಕಿಳಿಯುತ್ತವೆ. ಬಣ್ಣವು ನೇರಳೆಗೆಂಪಿನಿಂದ ಇಟ್ಟಿಗೆಯ ಕೆಂಪಿಗೆ ತಿರುಗುತ್ತದೆ. ನಾಲಗೆಯನ್ನು ಹಿಡಿಯುತ್ತಿದ್ದ ರುಚಿ ಮೃದುವಾಗುತ್ತದೆ. ಹಣ್ಣಿನ ವಾಸನೆಯೊಡನೆ ಒಣಗಿದ ಎಲೆ, ಹಸಿಮಣ್ಣುಗಳ ವಾಸನೆಯೂ ಬೆರೆಯುತ್ತದೆ. ಹೀಗೆ ದಶಕಗಳ ಕಾಲ ಮಾಗುವ ಕಸುವು ಎಲ್ಲ ಆಸವಕ್ಕೂ ಇರುವುದಿಲ್ಲ. ಅದಕ್ಕೆ ನೆಲವೂ ಬಳ್ಳಿಯೂ ತಕ್ಕವಾಗಿರಬೇಕು.

ಆ ಬಳ್ಳಿಗೇ ಅಪಾಯ ಬಂದೊದಗಿತು. 1860ರ ದಶಕದಲ್ಲಿ ಫಿಲಾಕ್ಸರ ಎಂಬ ಸೂಕ್ಷ್ಮ ಕೀಟವು ಅಮೆರಿಕದ ಬಳ್ಳಿಗಳೊಡನೆ ಫ್ರಾನ್ಸಿಗೆ ಬಂದು, ಬೇರುಗಳನ್ನು ಹಿಡಿದು, ತೋಟತೋಟಗಳನ್ನೇ ನಾಶಮಾಡಿತು. ಅಮೆರಿಕದ ಬಳ್ಳಿಯ ಬೇರು ಮಾತ್ರ ಈ ಕೀಟವನ್ನು ತಾಳಿಕೊಳ್ಳುತ್ತಿತ್ತು. ಆದುದರಿಂದ, ನಮ್ಮಲ್ಲಿ ಮಾವಿಗೆ ಕಸಿ ಕಟ್ಟುವಂತೆ, ಆ ಬೇರಿನ ಮೇಲೆ ಫ್ರೆಂಚ್ ಕುಡಿಯನ್ನು ಕಟ್ಟಿ ಬೆಳೆಸುವುದು ರೂಢಿಗೆ ಬಂದಿತು. ರೊಮಾನೆ-ಕೊಂತಿಯ ಒಡೆಯರು ಇದಕ್ಕೆ ಒಪ್ಪಲಿಲ್ಲ. ಮಣ್ಣಿಗೆ ಕಾರ್ಬನ್ ಡೈಸಲ್ಫೈಡ್ ಎಂಬ ದ್ರವವನ್ನು ಹೊಗಿಸಿ ಕೀಟವನ್ನು ತಡೆಯುತ್ತಾ, ಹಳೆಯ ಬಳ್ಳಿಗಳನ್ನು ಸ್ವಂತ ಬೇರಿನ ಮೇಲೆಯೇ ಹಲವು ದಶಕಗಳವರೆಗೆ ಕಾಪಾಡಿದರು.

ಎರಡನೆಯ ಮಹಾಯುದ್ಧದಲ್ಲಿ ಆ ಔಷಧಕ್ಕೂ ಆಳುಗಳಿಗೂ ಅಭಾವವುಂಟಾಯಿತು. ಬಳ್ಳಿಗಳು ಸೊರಗಿದುವು. 1945ರಲ್ಲಿ ದೊರೆತ ಆಸವವು ಸುಮಾರು 600 ಸೀಸೆಗಳಷ್ಟು ಮಾತ್ರ. ಗುಣದಲ್ಲಿಯಾದರೋ ಅದು ಅತಿಶಯವಾದುದೆಂದು ಹೆಸರಾಯಿತು. ಆ ಸುಗ್ಗಿಯ ಬಳಿಕ ಒಡೆಯರು ಹಳೆಯ ಬಳ್ಳಿಗಳನ್ನು ಕೀಳಿಸಿದರು. 1947ರಲ್ಲಿ, ತಮ್ಮದೇ ಆದ ಲಾ ತಾಶ್ ಎಂಬ ಸಮೀಪದ ತೋಟದಿಂದ ಕುಡಿಗಳನ್ನು ತಂದು, ಕಸಿ ಮಾಡಿದ ಬಳ್ಳಿಗಳನ್ನು ನೆಡಿಸಿದರು. 1946ರಿಂದ 1951ರವರೆಗೆ, ಆರು ಸುಗ್ಗಿಗಳಲ್ಲಿ, ಆ ಹೆಸರಿನ ಒಂದು ಸೀಸೆಯೂ ಹೊರಬರಲಿಲ್ಲ. ಎಳೆಯ ಬಳ್ಳಿಯ ಫಲಕ್ಕೆ ಹಳೆಯ ಹೆಸರನ್ನು ಇಟ್ಟು ಮಾರಲು ಅವರ ಮನಸ್ಸು ಒಪ್ಪಲಿಲ್ಲ. 1952ರ ಸುಗ್ಗಿಯಿಂದಲೇ ಆ ಹೆಸರು ಮರಳಿ ಬಳಕೆಗೆ ಬಂದದ್ದು.

2018ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1945ರ ಒಂದು ಸೀಸೆಯು 5,58,000 ಡಾಲರುಗಳಿಗೆ ಮಾರಾಟವಾಯಿತು. ತಾಯಿಬಳ್ಳಿಯನ್ನು ಕಿತ್ತು ಎಪ್ಪತ್ತು ವರ್ಷಗಳಿಗೂ ಮಿಗಿಲಾಗಿದ್ದಿತು. ಅದರ ಕಡೆಯ ಫಲ ಸೀಸೆಯಲ್ಲಿ ಉಳಿದಿದ್ದಿತು. ಆ ಬೆಲೆಯು ನಮ್ಮನ್ನು ಬೆರಗುಗೊಳಿಸಬಹುದು. ಆದರೆ ಅದಕ್ಕಿಂತ ವಿಚಾರಾರ್ಹವಾದುದು ಆ ಒಡೆಯರು ಮಾಡಿದ ನಿರ್ಧಾರ. ಬೇರನ್ನು ಉಳಿಸಲು ಇಷ್ಟು ಕಾಲ ಹೆಣಗಿದವರೇ, ಅದು ಸಾಧ್ಯವಿಲ್ಲವೆಂದು ಕಂಡಾಗ, ತಮ್ಮ ಹೆಮ್ಮೆಯನ್ನು ಬದಿಗಿಟ್ಟು ಬೇರನ್ನು ಬಿಟ್ಟುಕೊಟ್ಟರು. ನೆಲವನ್ನೂ ಕುಡಿಯನ್ನೂ ಉಳಿಸಿಕೊಂಡರು. ಆ ತೋಟದಲ್ಲಿ ಈಗಲೂ ದ್ರಾಕ್ಷಿ ಬೆಳೆಯುತ್ತಿರುವುದಕ್ಕೆ ಅದೇ ಕಾರಣ.