ಎರಡು ದಿನ, ಎರಡು ದುರ್ಗ

ಶನಿವಾರ ನಿಧಾನವಾಗಿ ಎದ್ದು, ದಾರಿಯಲ್ಲಿ ದೋಸೆ ತಿಂದು, ಹನ್ನೊಂದಕ್ಕೆ ಮಧುಗಿರಿ ಬುಡಕ್ಕೆ ಬರುವವರೇ ಜಾಸ್ತಿ. ಬೆಂಗಳೂರಿಂದ ಸುಮಾರು 100 ಕಿ.ಮೀ. ದೂರದ ಈ ಏಕಶಿಲಾ ಬೆಟ್ಟದ ಮೇಲ್ಭಾಗದಲ್ಲಿ ನೆರಳಿಲ್ಲ. ಬಿಸಿಲೇರಿದರೆ ಬಂಡೆ ಕಾದ ಹಂಚು.

ಅದಕ್ಕೇ ಶನಿವಾರ ನಸುಕಿಗೇ ಹೊರಟು ಮೊದಲು ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ ಹತ್ತಿ. ಪಾಳು ಕೋಟೆ, ಜನ ಕಮ್ಮಿ. ಕುರುಚಲಲ್ಲಿ ದಾರಿ ತಪ್ಪೋದು ಸುಲಭ. ಊರಿನವರನ್ನು ಕೇಳಿಯೇ ಹೊರಡಿ. ರಾತ್ರಿ ಮಧುಗಿರಿಯ ಲಾಡ್ಜ್‌ನಲ್ಲಿ ಮಲಗಿ, ಬೆಟ್ಟದ ಮೇಲೆ ಟೆಂಟ್ ಹಾಕೋ ಆಸೆ ಬೇಡ. ಪ್ರವೇಶದ ಅನುಮತಿ, ಸಮಯ ಮೊದಲೇ ವಿಚಾರಿಸಿಕೊಳ್ಳಿ.

ಭಾನುವಾರ ಬೆಳಕು ಹರಿಯುತ್ತಿದ್ದಂತೆ ಮಧುಗಿರಿ. ಮೊದಲು ಮೆಟ್ಟಿಲು, ಆಮೇಲೆ ಬರೀ ಬಂಡೆಯಲ್ಲಿ ಕಡಿದ ಗುಳಿಗಳು, ಕಂಬಿ. 1763ರಲ್ಲಿ ಬಿದನೂರು ಗೆದ್ದ ಹೈದರಾಲಿ, ಕೆಳದಿಯ ರಾಣಿ ವೀರಮ್ಮಾಜಿಯನ್ನು ಇಲ್ಲೇ ಸೆರೆಯಿಟ್ಟಿದ್ದ. ಯಾಕೆ ಈ ಜಾಗ ಆರಿಸಿದ ಅಂತ ಆ ಗುಳಿಗಳ ಮೇಲೆ ಕಾಲಿಟ್ಟಾಗ ಅರ್ಥವಾಗುತ್ತೆ.

ತಲಾ ಮೂರು ಲೀಟರ್ ನೀರು. ಹಿಡಿತವಿರುವ ಶೂ, ಸೋಲ್ ಸವೆದದ್ದು ಆಫೀಸಿಗಿರಲಿ. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ನಾಲ್ಕು ಹನಿ ಬಿದ್ದರೂ ಬಂಡೆ ಜಾರುತ್ತೆ. ತುದಿ ಕಣ್ಣೆದುರಿಗಿದ್ದರೂ ಆಗ ವಾಪಸ್ ಇಳೀರಿ, ಗುಂಪಲ್ಲಿ ಯಾರು ಎಷ್ಟೇ ಗೊಣಗಿದರೂ.